ಸುಟ್ಟ ಸ್ವಿಚ್ಚಿನ ಬಗ್ಗೆ ತಮ್ಮನಿಗೆ ಒಂದು ಕಾಗದ

ಬರ್ಕಾ, ಒಮಾನ್
ಮೇ 15, ಶುಕ್ರವಾರ

ಪ್ರೀತಿಯ ತಮ್ಮ,

ನಾನಿಲ್ಲಿ ಕ್ಷೇಮ. ಅಲ್ಲಿ ಅಪ್ಪಯ್ಯ, ಅಮ್ಮ, ನೀನು, ದನಕರು ಎಲ್ಲ ಕ್ಷೇಮ ಅಂತ ನಂಬಿದ್ದೇನೆ. ಟ್ರ್ಯಾಕ್ಟರಿನ ಲೈಟ್ ಸ್ವಿಚ್ ಒಂದು ಮಾತ್ರ ಕ್ಷೇಮವಾಗಿಲ್ಲ. ನೀನು ಕಳಿಸಿದ ಫೋಟೋ ನೋಡಿದೆ.

ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಹೇಳಿಯೂ ಆಯಿತು. ನೀನು "ಆಯ್ತು ಅಣ್ಣ, ಆಯ್ತು ಅಣ್ಣ" ಅನ್ನುತ್ತೀಯ, ಮರುದಿನ ಮೊದಲಿನದ್ದೇ ಪ್ರಶ್ನೆ ಕೇಳುತ್ತೀಯ. ಕಾಗದವಾದರೆ ಶೆಡ್ಡಿನ ಗೋಡೆಗೆ ಸಿಕ್ಕಿಸಿಟ್ಟುಕೊಂಡು ನೋಡಬಹುದು. ನನ್ನ ರೂಮಿನಲ್ಲಿರುವ ಸಾಲಿಗ್ರಾಮದ ಹುಡುಗ ಬುಧವಾರ ಮಸ್ಕತ್‌ನಿಂದ ಮಂಗಳೂರಿಗೆ ಹೊರಟಿದ್ದಾನೆ. ಸಾಮಾನಿನ ಪೊಟ್ಟಣದ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲು ಸ್ವಿಚ್ ಯಾಕೆ ಸುಟ್ಟಿತು ಅಂತ ಹೇಳುತ್ತೇನೆ. ನೀನು ಹಾಕಿಸಿದ್ದು 55 ವ್ಯಾಟಿನ ಎರಡು ಹ್ಯಾಲೊಜನ್. ಒಟ್ಟು 110 ವ್ಯಾಟ್. 12 ವೋಲ್ಟಿನಲ್ಲಿ ಭಾಗಿಸು, 9 ಆಂಪಿಯರಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ಆ ಸ್ವಿಚ್ ಹೆಡ್‌ಲೈಟಿನ ಕರೆಂಟನ್ನು ಮೊದಲೇ ಹೊರುತ್ತಿತ್ತು. ಅದರ ತಲೆ ಮೇಲೆ ಮತ್ತೆ 9 ಆಂಪಿಯರ್ ಹೇರಿದರೆ ಅದು ಎಂತ ಮಾಡಬೇಕು ಮಾರಾಯ? ಒಳಗಿನ ಪಾಯಿಂಟ್ ಬಿಸಿಯಾಯಿತು, ಪ್ಲಾಸ್ಟಿಕ್ ಕರಗಿತು. ನಿನ್ನ ಪುಣ್ಯ, ಅಷ್ಟಕ್ಕೇ ನಿಂತಿತು. ಫೋಟೋದಲ್ಲಿ ಕಾಣುವ ಆ ಕೆಂಪು-ಕಪ್ಪು ವಯರ್ ಸ್ಪೀಕರಿಗೆ ಎಳೆಯುವಂಥದ್ದು. ಸುಮ್ನೆ ಹತ್ತಿರದಲ್ಲಿ ಸಿಕ್ಕಿತು ಅಂತ ಹಾಕಿದ್ದಾರೆ. ಯಾರು ಹಾಕಿದ್ದು ಅಂತ ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಊರಿನಲ್ಲಿ ನಾಳೆ ಮುಖ ನೋಡಬೇಕಾದವರು.

ಸಪೂರ ವಯರಿನ ಇನ್ನೊಂದು ಕಿರಿಕಿರಿ ಉಂಟು. ಬ್ಯಾಟರಿಯಿಂದ ಲೈಟಿಗೆ ಹೋಗಿ ವಾಪಸ್ ಬರುವ ದಾರಿ ಸುಮಾರು 8 ಮೀಟರ್ ಅಂತ ಇಟ್ಟುಕೋ. ಅರ್ಧ ಸ್ಕ್ವೇರ್ ಎಂ.ಎಂ. ವಯರಿನಲ್ಲಿ 9 ಆಂಪಿಯರ್ ಹೋದರೆ ದಾರಿಯಲ್ಲೇ ಎರಡೂವರೆ ವೋಲ್ಟ್ ಕಳೆದುಹೋಗುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜನ್ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ನಿನ್ನದು ಅರ್ಧಕ್ಕಿಂತ ಕೆಳಗೆ ಹೋಗಿತ್ತು. "ಹೊಸ ಲೈಟ್ ಹಾಕಿದರೂ ಬೆಳಕೇ ಇಲ್ಲ ಅಣ್ಣ" ಅಂದೆಯಲ್ಲ, ಇದೇ ಕಾರಣ. ನೀನು ದುಡ್ಡು ಕೊಟ್ಟದ್ದು ವಯರ್ ಬಿಸಿ ಮಾಡುವುದಕ್ಕೆ.

ಈಗ ಎಲ್‌ಇಡಿ ಕಳಿಸುತ್ತಿದ್ದೇನೆ. 27 ವ್ಯಾಟಿನದ್ದು ನಾಲ್ಕು. ನೀನು ಆರು ಕೇಳಿದ್ದೆ, ಆರು ಕೊಡುವುದಿಲ್ಲ. ಜಾತ್ರೆಗೆ ಹೋಗುವ ಟ್ಯಾಬ್ಲೋ ಅಲ್ಲ ಅದು. ನಾಲ್ಕು ಸೇರಿ 108 ವ್ಯಾಟ್, ಅಂದರೆ 9 ಆಂಪಿಯರ್. ಬ್ಯಾಟರಿ ಚಾರ್ಜ್ ಮಾಡುವ ನಮ್ಮ ಆಲ್ಟರ್ನೇಟರಿನ ತಗಡಿನ ಮೇಲೆ 35 ಆಂಪಿಯರ್ ಅಂತ ಉಂಟು, ಆದರೆ ಅದು ಎಂಜಿನ್ ಓಡುವಾಗಿನ ಲೆಕ್ಕ. ನಿಂತು ಗುರುಗುಟ್ಟುವಾಗ ಅಷ್ಟು ಬರುವುದಿಲ್ಲ. ಎಂಜಿನ್ ಆಫ್ ಮಾಡಿ ನಾಲ್ಕೂ ಲೈಟ್ ಉರಿಸಿ ಊಟಕ್ಕೆ ಕೂತರೆ, 50 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಎರಡೂವರೆ, ಮೂರು ಗಂಟೆಯಲ್ಲಿ ಅರ್ಧ ಖಾಲಿ. ಆಮೇಲೆ ಗದ್ದೆಯ ನಡುವೆ ನೂಕುವುದು ಯಾರು? ಕೆಸರಿನಲ್ಲಿ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರನ್ನು ನೂಕಿ ಸ್ಟಾರ್ಟ್ ಮಾಡಿದವರು ನಮ್ಮ ಬೈಲಿನಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನು ಸ್ವಿಚ್ಚಿನ ಮಾತು. ಲೈಟಿನ ಇಷ್ಟು ಕರೆಂಟ್ ಅದರ ಮೇಲೆ ಬೀಳಬಾರದು, ಅದಕ್ಕೇ ರಿಲೇ. ಸ್ವಿಚ್ಚಿನ ಚಿಕ್ಕ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವುದು ಅದು. ಎರಡು ಇಟ್ಟಿದ್ದೇನೆ, ಮುಂದಿನ ಜೋಡಿಗೆ ಒಂದು, ಹಿಂದಿನ ಜೋಡಿಗೆ ಒಂದು. ಕಪ್ಪು ಡಬ್ಬಿ, ಕೆಳಗೆ ನಾಲ್ಕು ಕಾಲು, ಪ್ರತಿ ಕಾಲಿನ ಹತ್ತಿರ ಚಿಕ್ಕದಾಗಿ ನಂಬರ್. 30ಕ್ಕೆ ಬ್ಯಾಟರಿ ಪ್ಲಸ್, ಫ್ಯೂಸ್ ದಾಟಿ ಬಂದದ್ದು. 87ರಿಂದ ಲೈಟಿಗೆ. 85 ಅರ್ತಿಂಗ್, ಅಂದರೆ ಬ್ಯಾಟರಿಯ ಮೈನಸ್. 86ಕ್ಕೆ ಸ್ವಿಚ್ಚಿನಿಂದ ಬಂದ ವಯರ್. ಅಲ್ಲಿ ಯಾರಾದರೂ ಐದು ಕಾಲಿನ ರಿಲೇ ತಂದುಕೊಟ್ಟರೆ ನಡುವಿನ 87ಎ ಕಾಲಿಗೆ ಏನೂ ಜೋಡಿಸಬೇಡ. ಅದಕ್ಕೆ ಜೋಡಿಸಿದರೆ ಸ್ವಿಚ್ ಆಫ್ ಮಾಡಿದಾಗ ಲೈಟ್ ಉರಿಯುತ್ತದೆ.

ಸ್ವಿಚ್ಚಿಗೆ ಕರೆಂಟನ್ನು ಕೀ ಆನ್ ಆದಾಗ ಮಾತ್ರ ಬರುವ ವಯರಿನಿಂದ ತೆಗೆ, ಅದೂ ಫ್ಯೂಸ್ ದಾಟಿದ ಮೇಲಿನದ್ದು. ರಿಲೇ ಒಳಗಿನ ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಪಾಲಿನಷ್ಟು. ಸ್ವಿಚ್ಚಿಗೆ ಅದು ಭಾರವೇ ಅಲ್ಲ. ಕೀ ತೆಗೆದರೆ ಲೈಟೂ ಹೋಗುತ್ತದೆ, ನಿನ್ನ ಮರೆವಿಗೆ ಅದೇ ಮದ್ದು.

ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನ ಒಳಗೇ ಇರಬೇಕು. ಲೈಟಿನ ಹತ್ತಿರ ಹಾಕಿದರೆ ಪ್ರಯೋಜನ ಇಲ್ಲ. ನಡುವೆ ಎಲ್ಲೋ ವಯರಿನ ಸಿಪ್ಪೆ ಸವೆದು ಚಾಸಿಗೆ ತಾಗಿದರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ವಯರ್ ಪೂರ್ತಿ ಬೆಂಕಿಯ ಹಗ್ಗ. ಒಂದೊಂದು ಜೋಡಿಗೆ ನಾಲ್ಕೂವರೆ ಆಂಪಿಯರ್, ಆದ್ದರಿಂದ 7.5ರ ಫ್ಯೂಸ್, ಕಂದು ಬಣ್ಣದ್ದು. ಹಾರಿದರೆ ಕಾರಣ ಹುಡುಕು. ಹಸಿರು ಸಿಕ್ಕಿತು ಅಂತ ಹಸಿರು ಸಿಕ್ಕಿಸಬೇಡ, ಅದು 30 ಆಂಪಿಯರಿನದ್ದು.

ಇಲ್ಲಿ ಸೇರಿದ ಹೊಸತರಲ್ಲಿ ನನಗೇ ಒಂದು ಸಲ ಆದದ್ದು ಹೇಳುತ್ತೇನೆ, ನಗಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಧ್ಯಾಹ್ನ 12:30ರಿಂದ 3:30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು. ಹಾಗಾಗಿ ತೋಟದ ಕೆಲಸ ಎಷ್ಟೋ ರಾತ್ರಿಗೆ ಸರಿಯುತ್ತದೆ, ನಮ್ಮ ಗ್ಯಾರೇಜಿಗೆ ಲೈಟ್ ಹಾಕುವ ಕೆಲಸ ಬೀಳುತ್ತದೆ. ಒಂದು ಖರ್ಜೂರದ ತೋಟದ ಚಿಕ್ಕ ಟ್ರ್ಯಾಕ್ಟರಿಗೆ ಎರಡು ಲೈಟ್ ಹಾಕಿದೆ. ಗ್ಯಾರೇಜಿನಲ್ಲಿ ಹಾಕಿ ನೋಡಿದಾಗ ಚೆಂದ ಉರಿಯಿತು. ರಾತ್ರಿ ತೋಟದಿಂದ ಫೋನ್. ಇಂಡಿಕೇಟರ್ ಹಾಕಿದರೆ ಸಾಕು, ಅದು ಮಿನುಗಿದ ಹಾಗೆಲ್ಲ ವರ್ಕ್ ಲೈಟ್ ಮಂಕಾಗುತ್ತದಂತೆ, ಚೆಂಡೆಗೆ ತಾಳ ಹಾಕಿದ ಹಾಗೆ. ನಮ್ಮ ಮಲಯಾಳಿ ಫೋರ್‌ಮನ್ ಕೇಳಿದ್ದು ಒಂದೇ ಮಾತು, "ಅರ್ತಿಂಗ್ ಎಲ್ಲಿ ಕೊಟ್ಟಿದ್ದೀ?" ಪೇಂಟಿನ ಮೇಲೆ ಕೊಟ್ಟಿದ್ದೆ. ಇಂಡಿಕೇಟರಿನ ಅರ್ತಿಂಗೂ ಇದ್ದ ಬೋಲ್ಟಿಗೇ ನನ್ನದನ್ನೂ ಸಿಕ್ಕಿಸಿ, ಕೆಳಗೆ ಬಣ್ಣ ಕೆರೆಯದೆ ಬಿಗಿದಿದ್ದೆ. 40 ಕಿಲೋಮೀಟರ್ ಹೋಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮರಳುಕಾಗದದಲ್ಲಿ ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿ ಬಂದೆ.

ನೀನು ಅಷ್ಟಕ್ಕೂ ಹೋಗಬೇಡ. ಮೈನಸ್ ವಯರನ್ನೂ ಲೈಟಿನಿಂದ ಸೀದಾ ಬ್ಯಾಟರಿಯ ಮೈನಸ್‌ಗೇ ತಂದು ಕೊಡು. ವಯರ್ ಸ್ವಲ್ಪ ಜಾಸ್ತಿ ಬೇಕು, ತಲೆಬಿಸಿ ಕಡಿಮೆ. ಕಳಿಸಿದ್ದು ಎರಡೂವರೆ ಸ್ಕ್ವೇರ್, ತಾಮ್ರದ ಎಳೆಗೆ ತವರದ ಲೇಪ ಇರುವಂಥದ್ದು. ಕತ್ತರಿಸಿ ನೋಡಿದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅಲ್ಯುಮಿನಿಯಂ ಅಂತ ಬೈಯಬೇಡ. ನಮ್ಮದು ಕಡಲ ಗಾಳಿ, ಮೇಲಿಂದ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಬರೀ ತಾಮ್ರ ಸಿಪ್ಪೆಯ ಒಳಗೇ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತದೆ. ಹಳೇ ಪಂಪ್‌ಸೆಟ್ಟಿನ ವಯರ್ ಬಿಚ್ಚಿದಾಗ ನೋಡಿದ್ದೆಯಲ್ವಾ?

ಕಪ್ಪು ಟೇಪ್ ಸುತ್ತಿ ಮುಗಿಸಬೇಡ. ಒಂದು ಮಳೆಗಾಲ ಕಳೆದರೆ ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಬಿಟ್ಟುಬರುತ್ತದೆ. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಇಟ್ಟಿದ್ದೇನೆ. ಮೊದಲು ಸ್ಲೀವನ್ನು ವಯರಿಗೆ ತೂರಿಸಿಕೋ, ಆಮೇಲೆ ವಯರಿನ ತುದಿಗೆ ಲಗ್ (ಲೋಹದ ಕೊಂಡಿ) ಒತ್ತು. ನಾನೂ ಎಷ್ಟೋ ಸಲ ಲಗ್ ಒತ್ತಿದ ಮೇಲೆ ನೆನಪಾಗಿ ಕತ್ತರಿಸಿದ್ದುಂಟು. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣ ಮಣಿಯ ಹಾಗೆ ಹೊರಗೆ ಬರಬೇಕು. ಬಂದರೆ ನೀರು ಒಳಗೆ ಹೋಗುವುದಿಲ್ಲ. ರಿಲೇಯನ್ನು ಕಾಲು ಕೆಳಗೆ ಬರುವ ಹಾಗೆ ಬಿಗಿ, ತಲೆ ಕೆಳಗಾದರೆ ಬುಡದಲ್ಲಿ ನೀರು ನಿಲ್ಲುತ್ತದೆ. ವಯರ್ ಸೈಲೆನ್ಸರಿನಿಂದ, ಗದ್ದೆ ಉಳುವ ರೋಟಾವೇಟರನ್ನು ತಿರುಗಿಸುವ ಪಿಟಿಓ ಶಾಫ್ಟಿನಿಂದ, ಅದನ್ನು ಎತ್ತುವ ಕೈಗಳಿಂದ ದೂರ ಇರಲಿ. ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚು, ಮುಗಿದಾಗ ಅದನ್ನೇ ಕೊನೆಗೆ ಹಾಕು.

ಇನ್ನು ಲೈಟ್ ಎಲ್ಲಿ ಕೂರಬೇಕು ಅನ್ನುವುದು. ಇದನ್ನು ಅಪ್ಪಯ್ಯನ ಎದುರು ಗಟ್ಟಿಯಾಗಿ ಓದಬೇಡ.

ಹೋದ ವರ್ಷ ಕೆಳಗಿನ ಗದ್ದೆಯಲ್ಲಿ ಮುಸ್ಸಂಜೆಗೆ ಹಿಂದಿನ ಚಕ್ರ ಎರಡು ಗದ್ದೆಯ ನಡುವಿನ ಹುಣಿಯಿಂದ ಜಾರಿತಲ್ಲ, ಟ್ರ್ಯಾಕ್ಟರ್ ವಾಲಿ ರೋಟಾವೇಟರಿನ ಮೇಲೆ ನಿಂತದ್ದು. ಅಪ್ಪಯ್ಯ ಎಲ್ಲರ ಹತ್ತಿರ "ಹುಣಿ ಕುಸಿಯಿತು" ಅಂದರು. ಅಮ್ಮನ ಹತ್ತಿರ ಮಾತ್ರ "ಹುಣಿ ಕಾಣಲಿಲ್ಲ" ಅಂದಿದ್ದಾರೆ. ಅಮ್ಮ ನನಗೆ ಹೇಳಿದ್ದು ಮೊನ್ನೆ. ಮೊದಲ ಮಳೆ ಬಿದ್ದ ಕೂಡಲೇ ಸೀತಾನದಿ ಬದಿಯ ಬೈಲಿನವರಿಗೆಲ್ಲ ನಮ್ಮ ಮಿನಿ ಟ್ರ್ಯಾಕ್ಟರೇ ಬೇಕು, ದೊಡ್ಡದು ಅಲ್ಲಿಗೆ ಇಳಿಯುವುದಿಲ್ಲ. ನೆಡುವ ಅಗೆ ಬಲಿಯುವ ಮೊದಲು ಗದ್ದೆ ಆಗಬೇಕು. ರಾತ್ರಿ ಹತ್ತರ ತನಕ ನೀವಿಬ್ಬರೂ ಸರದಿಯಲ್ಲಿ ಕೂರುತ್ತೀರಿ. ಬೇಡ ಅಂದರೆ ಕೇಳುವ ಜನ ಅಲ್ಲ ನೀವು.

ಆದ್ದರಿಂದ ಹಿಂದಿನ ಎರಡು ಮೊದಲು ಹಾಕು. ಸೀಟಿನ ಹಿಂದಿನ ಕಮಾನಿನ ಮೇಲೆ, ಎಡಕ್ಕೊಂದು ಬಲಕ್ಕೊಂದು. ಕಮಾನಿಗೆ ಮಾತ್ರ ತೂತು ಕೊರೆಯಬೇಡ. ಟ್ರ್ಯಾಕ್ಟರ್ ಮಗುಚಿದರೆ ಜೀವ ಉಳಿಸುವುದು ಅದೇ, ಕೊರೆದರೆ ಅದರ ಬಲ ಹೋಗುತ್ತದೆ. ಪೊಟ್ಟಣದಲ್ಲಿ ಕ್ಲ್ಯಾಂಪ್ ಉಂಟು, ನಡುವೆ ರಬ್ಬರ್ ಕೊಟ್ಟು ಬಿಗಿ. ಕಮಾನು ಮಡಚುವ ಜಾಗದಲ್ಲಿ ವಯರನ್ನು ಒಂದು ಸುತ್ತು ಸಡಿಲ ಬಿಡು. ಇಲ್ಲದಿದ್ದರೆ ಅಡಿಕೆ ಮರದ ಕೆಳಗೆ ಹೋಗಲು ಮಡಚಿದ ದಿನವೇ ವಯರ್ ತುಂಡು.

ಮುಖವನ್ನು ಕೆಳಗೆ ಮಾಡು. ಬೆಳಕು ರೋಟಾವೇಟರಿನ ಮೇಲೆ, ಅದರ ಎರಡೂ ಪಕ್ಕದ ಒಂದೂವರೆ ಮೀಟರಿನ ಮೇಲೆ ಬೀಳಬೇಕು. ಚಕ್ರದ ಹೊರಗಿನ ಆ ಜಾಗದಲ್ಲೇ ಹುಣಿ ಇರುವುದು. ಅಜ್ಜ ಕೋಣ ಕಟ್ಟಿ ಬೆಳಗಿನ ಜಾವ ಹೂಡುವಾಗ ಗ್ಯಾಸ್‌ಲೈಟನ್ನು ಹುಣಿಯ ಮೇಲೇ ಇಡುತ್ತಿದ್ದರಂತೆ, ಗದ್ದೆಯ ನಡುವೆ ಅಲ್ಲ. ಅಪ್ಪಯ್ಯನೇ ಹೇಳುತ್ತಿದ್ದ ಮಾತು ಇದು, ನಿನಗೂ ನೆನಪಿರಬಹುದು.

ಮುಂದಿನ ಎರಡನ್ನು ಕಮಾನಿನ ಮೇಲೆ ಹಾಕಬೇಡ. ಬೆಳಕು ಬಾನೆಟ್ಟಿಗೆ ಹೊಡೆದು ಕಣ್ಣಿಗೇ ಬರುತ್ತದೆ. ಮಳೆಯಲ್ಲಂತೂ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಹೆಡ್‌ಲೈಟಿನ ಪಕ್ಕದಲ್ಲಿ, ಕೆಳಗೆ ಹಾಕು. ಅವೆರಡನ್ನು ಹಳದಿ ಬೆಳಕಿನದ್ದೇ ಆರಿಸಿದ್ದೇನೆ. ಮೊದಲ ಮಳೆಯ ಮರುದಿನ ಹಾತೆ ಹುಳ ಏಳುತ್ತದಲ್ಲ, ಬಿಳಿ ಬೆಳಕಾದರೆ ಬಾಯಿ ತೆರೆಯಲು ಬಿಡುವುದಿಲ್ಲ. ಹಳದಿಗೆ ಅಷ್ಟು ಬರುವುದಿಲ್ಲ, ಬರುವುದೇ ಇಲ್ಲ ಅಂತ ಅಲ್ಲ. ಮತ್ತೆ, ಬ್ರಹ್ಮಾವರದ ಹೈವೇಗೆ ಹತ್ತುವ ಮೊದಲು ಹಿಂದಿನದು ಆಫ್. ಹಿಂದೆ ಬೈಕಿನಲ್ಲಿ ಬರುವವನಿಗೆ ಅದು ಎದುರಿನಿಂದ ಬರುವ ಗಾಡಿಯ ಹಾಗೆ ಕಾಣುತ್ತದೆ.

ಅಪ್ಪಯ್ಯ ಟ್ರ್ಯಾಕ್ಟರಿನಲ್ಲಿ ಆಕಾಶವಾಣಿ ಕೇಳುವುದು ನಿಲ್ಲಿಸಿಲ್ಲ ತಾನೆ? ಕಡಿಮೆ ಬೆಲೆಯ ಎಲ್‌ಇಡಿ ಹಾಕಿದರೆ ರೇಡಿಯೋದಲ್ಲಿ ಕರಕರ ಬರುತ್ತದೆ. ನಾಲ್ಕನ್ನೂ ಗ್ಯಾರೇಜಿನಲ್ಲಿ ರೇಡಿಯೋ ಪಕ್ಕದಲ್ಲಿಟ್ಟು ನೋಡಿಯೇ ಕಟ್ಟಿದ್ದೇನೆ. ಕೂಲಿ ಅಂತ ಅಮ್ಮನಿಗೆ ಹೇಳಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಳಿಸು. ಹುಡುಗ ಮುಂದಿನ ತಿಂಗಳು ವಾಪಸ್ ಬರುತ್ತಾನೆ.

ಹಾಕಿದ ಮೇಲೆ ರಾತ್ರಿ ಒಂದು ಫೋಟೋ ತೆಗೆದು ಕಳಿಸು. ಲೈಟಿನ ಫೋಟೋ ಬೇಡ. ಸೀಟಿನಲ್ಲಿ ಕೂತು, ಹಿಂದೆ ತಿರುಗಿ, ಹುಣಿಯ ಫೋಟೋ ತೆಗೆ. ಅಲ್ಲಿ ಒಂಬತ್ತೂವರೆ ಅಂದರೆ ಇಲ್ಲಿ ಎಂಟು, ನಾನು ರೂಮಿನಲ್ಲೇ ಇರುತ್ತೇನೆ. ಅಪ್ಪಯ್ಯ, ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಅಣ್ಣ

ಹೇಳಲು ಮರೆತೆ. ಕಂದು ಫ್ಯೂಸ್ ನಾಲ್ಕು ಹೆಚ್ಚು ಇಟ್ಟಿದ್ದೇನೆ. ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲೇ ಇರಲಿ, ಯಾರ ಬೈಕಿಗೂ ದಾನ ಮಾಡಬೇಡ.