ಮಗಳಿಗೊಂದು ಪತ್ರ: ಕ್ಯಾಪ್ಚರ್ ಕಾರ್ಡ್ ಈಗ ಬೇಡ

ಪ್ರೀತಿಯ ಚಿನ್ನು,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಕ್ಯಾಪ್ಚರ್ ಕಾರ್ಡ್, ಸ್ಟ್ರೀಮಿಂಗ್‌ಗೆ ಅಂತಲೇ ಇನ್ನೊಂದು ಪಿಸಿ, ಕಂಡೆನ್ಸರ್ ಮೈಕ್, ರಿಂಗ್ ಲೈಟ್. ನೀನು ಗೇಮ್ ಆಡಿ ಜನಕ್ಕೆ ತೋರಿಸಬೇಕು ಅಂತಿರುವುದು ನನಗೆ ನಿಜಕ್ಕೂ ಖುಷಿ, ದುಡ್ಡೂ ಕೊಡುತ್ತೇನೆ. ಆದರೆ ಈ ಪಟ್ಟಿಗಲ್ಲ.

ಮದುವೆ ಲೈವ್‌ಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಕ್ಯಾಪ್ಚರ್ ಕಾರ್ಡ್ ಇರುತ್ತದೆ, ನೀನೂ ನೋಡಿದ್ದೀಯ. ಅದು ಯಾಕೆ ಬೇಕು ಅಂದರೆ, ಚಿತ್ರ ಬರುವುದು ಕ್ಯಾಮೆರಾದಿಂದ, ಅದು ಎಚ್‌ಡಿಎಂಐ ಕೇಬಲ್ ಮೂಲಕ ಲ್ಯಾಪ್‌ಟಾಪ್ ಒಳಗೆ ಬರಬೇಕು. ನೀನು ಆಡುವ ಗೇಮ್ ಆ ಪಿಸಿಯೊಳಗೇ ಓಡುತ್ತಿದೆ. ಒಳಗಿರುವುದನ್ನು ಹೊರಗೆ ಕಳಿಸಿ ಮತ್ತೆ ಒಳಗೆ ತರುವುದಕ್ಕೆ ದುಡ್ಡು ಯಾಕೆ? ಮುಂದೆ ಪಿಎಸ್5 ಥರದ ಬೇರೆ ಗೇಮ್ ಯಂತ್ರ ತಗೊಂಡರೆ ಆಗ ನೋಡೋಣ. ಆಗಲೂ '4ಕೆ' ಅಂತ ಬರೆದಿರುವ ಅಗ್ಗದ ಯುಎಸ್‌ಬಿ 2.0 ಕಾರ್ಡಿಗೆ ಮರುಳಾಗಬೇಡ. ಅದು 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತದೆ ಅಷ್ಟೆ, ರೆಕಾರ್ಡ್ ಆಗುವುದು ಕಡಿಮೆ ರೆಸಲ್ಯೂಷನ್‌ನಲ್ಲಿ. ಕಂಪ್ರೆಸ್ ಮಾಡದ 1080ಪಿ 60 (ಫುಲ್ ಎಚ್‌ಡಿ, ಸೆಕೆಂಡಿಗೆ 60 ಫ್ರೇಮ್) ವಿಡಿಯೋಗೆ ಸೆಕೆಂಡಿಗೆ ಸುಮಾರು 2 ಗಿಗಾಬಿಟ್ ಬೇಕು, ಯುಎಸ್‌ಬಿ 2.0 ಕೊಡುವುದು ಹೆಚ್ಚೆಂದರೆ 480 ಮೆಗಾಬಿಟ್.

ಎರಡನೇ ಪಿಸಿಯೂ ಬೇಡ. ನಿನ್ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ ಎನ್‌ವೆಂಕ್ ಅಂತ ಎನ್‌ಕೋಡಿಂಗ್‌ಗೆಂದೇ, ಅಂದರೆ ವಿಡಿಯೋ ಕುಗ್ಗಿಸುವುದಕ್ಕೆಂದೇ, ಪ್ರತ್ಯೇಕ ಭಾಗ ಇದೆ. ರೆಕಾರ್ಡಿಂಗ್, ಸ್ಟ್ರೀಮಿಂಗ್ ಮಾಡುವ ಒಬಿಎಸ್ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಬಳಸುವ ಎಕ್ಸ್264 ತೆಗೆದು ಎನ್‌ವೆಂಕ್ ಆರಿಸು, ಪ್ರೊಸೆಸರ್ ಮೇಲಿನ ಭಾರ ಇಳಿಯುತ್ತದೆ.

ಈಗ ಮುಖ್ಯ ವಿಷಯ. ಒಬಿಎಸ್‌ನಲ್ಲಿ ಸ್ಟಾಟ್ಸ್ ಅಂತ ಒಂದು ಕಿಟಕಿ ತೆರೆಯಬಹುದು. ಅದನ್ನು ತೆರೆದಿಟ್ಟುಕೊಂಡು ಲೈವ್ ಮಾಡುತ್ತಾ ಅರ್ಧ ಗಂಟೆ ಆಡು. ಅಲ್ಲಿ ಮೂರು ಕಡೆ ಫ್ರೇಮ್ ನಷ್ಟದ ಲೆಕ್ಕ ಬರುತ್ತದೆ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗೇಮೇ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ತಿಂದು ಒಬಿಎಸ್‌ಗೆ ಏನೂ ಬಿಡುತ್ತಿಲ್ಲ ಅಂತ ಅರ್ಥ, ಗೇಮ್‌ನ ಎಫ್‌ಪಿಎಸ್‌ಗೆ (ಸೆಕೆಂಡಿಗೆ ಎಷ್ಟು ಫ್ರೇಮ್) ಮಿತಿ ಹಾಕು, ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಎನ್‌ಕೋಡಿಂಗ್ ಲ್ಯಾಗ್ ಇದ್ದರೆ ಪ್ರಿಸೆಟ್ ಅಂತಿರುವ ಕ್ವಾಲಿಟಿ ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸು. ನೆಟ್‌ವರ್ಕ್‌ನಲ್ಲಿ ಡ್ರಾಪ್ ಆದರೆ ಯಾವ ಕಾರ್ಡ್ ತಂದರೂ ಪ್ರಯೋಜನವಿಲ್ಲ, ಇಂಟರ್ನೆಟ್ ಕಡೆ ನೋಡಬೇಕು. ಗೇಮ್ ಲೈವ್ ತೋರಿಸುವ ಟ್ವಿಚ್ ಸೈಟಿನಲ್ಲಿ 1080ಪಿ 60ಕ್ಕೆ 6000 ಕೆಬಿಪಿಎಸ್ ಅಂತಾರೆ, ಅಂದರೆ 6 ಎಂಬಿಪಿಎಸ್ ಅಪ್‌ಲೋಡ್, ಅದರ ಮೇಲೆ ಸ್ವಲ್ಪ ಉಳಿಕೆಯೂ ಇರಬೇಕು. ಪ್ಲಾನ್ ತಗೊಳ್ಳುವಾಗ ಎಲ್ಲರೂ ಡೌನ್‌ಲೋಡ್ ಮಾತ್ರ ಕೇಳುತ್ತಾರೆ, ನೀನು ಅಪ್‌ಲೋಡ್ ಕೇಳು. ಮತ್ತೆ ವೈಫೈ ನಂಬಬೇಡ, ರೂಟರ್‌ನಿಂದ ಪಿಸಿಗೆ ಒಂದು ವೈರ್ ಎಳೆ. ಈ ಮೂರು ಲೆಕ್ಕ ನೋಡದೆ ಏನನ್ನೂ ಕೊಳ್ಳಬೇಡ ಕಣೇ.

ಧ್ವನಿಗೆ ಮಾತ್ರ ಧಾರಾಳವಾಗಿ ಖರ್ಚು ಮಾಡು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ, ಮದುವೆ ಲೈವ್‌ನಲ್ಲೂ ಇದೇ ಕಥೆ. ಆದರೆ ಕಂಡೆನ್ಸರ್ ಬೇಡ. ಶಿವಮೊಗ್ಗದ ಆ ರೂಮಿನಲ್ಲಿ ತಲೆ ಮೇಲೆ ಫ್ಯಾನ್, ಪಕ್ಕದ ಮನೆ ಕುಕ್ಕರ್, ಕೆಳಗೆ ಬೈಕು, ಎಲ್ಲವನ್ನೂ ಅದು ಎಳೆದುಕೊಳ್ಳುತ್ತದೆ. ಯುಎಸ್‌ಬಿ ಡೈನಮಿಕ್ ಮೈಕ್ ತಗೋ, ಒಂದು ಸ್ಟ್ಯಾಂಡ್ ಹಾಕಿ ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು ಮಾತಾಡು. ರೆಕಾರ್ಡ್ ಮಾಡುವಾಗ ಮೈಕ್ ಒಂದು ಟ್ರ್ಯಾಕ್, ಗೇಮ್ ಸೌಂಡ್ ಇನ್ನೊಂದು ಟ್ರ್ಯಾಕ್ ಮಾಡಿಕೋ. ಎರಡೂ ಒಂದರಲ್ಲೇ ಕಲಸಿಹೋದರೆ ಆಮೇಲೆ ಎಡಿಟ್‌ನಲ್ಲಿ ಬೇರೆ ಮಾಡುವುದು ದೊಡ್ಡ ತಲೆನೋವು.

ಇನ್ನು ಕರೆಂಟ್. ಮಳೆಗಾಲದಲ್ಲಿ ಅಲ್ಲಿ ಅದು ಹೋಗಿ ಬಂದು ಆಟವಾಡುತ್ತದೆ ಅಂತ ನೀನೇ ಹೇಳುತ್ತೀಯಲ್ವಾ. ಮಾಮೂಲಿ ಎಂಪಿ4 ಫೈಲ್‌ನಲ್ಲಿ ರೆಕಾರ್ಡ್ ಮಾಡುವಾಗ ಮಧ್ಯೆ ಪಿಸಿ ಆಫ್ ಆದರೆ ಸಾಮಾನ್ಯವಾಗಿ ಫೈಲ್ ತೆರೆಯುವುದೇ ಇಲ್ಲ, ಅದರ ಸೂಚಿ ಬರೆಯುವುದು ಕೊನೆಯಲ್ಲಿ. ಅದರ ಬದಲು ಎಂಕೆವಿ ಅನ್ನುವ ಫೈಲ್ ಬಗೆ ಇಟ್ಟುಕೋ, ನಿಂತಲ್ಲಿವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ರಿಮಕ್ಸ್ ಮಾಡಿದರೆ, ಅಂದರೆ ವಿಡಿಯೋ ಮುಟ್ಟದೆ ಫೈಲ್ ಬಗೆ ಮಾತ್ರ ಬದಲಿಸಿದರೆ, ಎಂಪಿ4 ಸಿಗುತ್ತದೆ, ಕ್ವಾಲಿಟಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಯುಪಿಎಸ್ ತಗೊಳ್ಳುವಾಗ 600 ವಿಎ ನೋಡಬೇಡ, ಅಂಥವು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ. ಗೇಮ್ ಓಡುವಾಗ ಪಿಸಿ, ಮಾನಿಟರ್ ಸೇರಿ ಆ ಅಂಚಿಗೆ ಬಂದುಬಿಡುತ್ತವೆ. 1 ಕೆವಿಎ ಇರಲಿ, ರೂಟರನ್ನೂ ಅದಕ್ಕೇ ಹಾಕು.

ರಾಮ್ ಒಂದೇ 8 ಜಿಬಿ ಸ್ಟಿಕ್ ಇದೆ, ಅಂಥದ್ದೇ ಇನ್ನೊಂದು ಸೇರಿಸು. ರೆಕಾರ್ಡಿಂಗ್‌ಗೆ ದುಬಾರಿ ಎಸ್‌ಎಸ್‌ಡಿ ಬೇಕಾಗಿಲ್ಲ. 40 ಎಂಬಿಪಿಎಸ್‌ನಲ್ಲಿ ಮಾಡಿದರೂ ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಹತ್ತಿರ ಒಂದು ಖಾಲಿ ಇದೆ, ಮುಂದಿನ ಸಲ ಬಂದಾಗ ತಗೊಂಡು ಹೋಗು. ರಿಂಗ್ ಲೈಟ್ ಬದಲು ಟೇಬಲ್ಲನ್ನು ಕಿಟಕಿ ಕಡೆ ತಿರುಗಿಸಿ ನೋಡು, ರಾತ್ರಿ ಆಡುವುದೇ ಜಾಸ್ತಿ ಆದರೆ ಆಮೇಲೆ ತರೋಣ.

ಈ ಭಾನುವಾರ ಅರ್ಧ ಗಂಟೆ ಲೈವ್ ಮಾಡುತ್ತಲೇ ರೆಕಾರ್ಡ್ ಕೂಡ ಮಾಡಿ ಫೈಲ್ ಡ್ರೈವ್‌ಗೆ ಹಾಕು, ಸ್ಟಾಟ್ಸ್ ಕಿಟಕಿಯ ಸ್ಕ್ರೀನ್‌ಶಾಟ್ ಕೂಡ ಕಳಿಸು. ನೋಡಿ ಫೋನ್ ಮಾಡುತ್ತೇನೆ. ಮೈಕ್‌ಗೂ ಯುಪಿಎಸ್‌ಗೂ ದುಡ್ಡು ಸಂಜೆಯೇ ಹಾಕುತ್ತೇನೆ.

ನಿನ್ನ ಅಮ್ಮ