ಬಿಸಿಲಿಗೆ ಮಾಸುತ್ತಿರುವ ದಾಖಲೆ ಪುಸ್ತಕಗಳು

ಮಾನ್ಯರೇ,

ಹಳೆಯ ಚರ್ಚೊಂದರ ಮಗ್ಗುಲಿಗಿರುವ, ಎರಡೇ ಕೋಣೆಗಳ ಸ್ಥಳೀಯ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಈಚೆಗೆ ಭೇಟಿ ನೀಡಿದ್ದೆ. ಅಲ್ಲಿನ ದೀಪ, ಗಂಟೆ, ಛಾಯಾಚಿತ್ರಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳ ಕೈಬರಹದ ದಾಖಲೆ ಪುಸ್ತಕಗಳು. ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಲ್ಲೇ ಕಡ್ಡಾಯವಾದ, 1563ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆಯು ತನ್ನ ಪಾದ್ರಿಗಳಿಗೆ ಮದುವೆಗಳ ವಿಷಯದಲ್ಲಿ ವಿಧಿಸಿದ ಈ ದಾಖಲಾತಿಯ ಪದ್ಧತಿಯಿಂದಾಗಿ, ಅರಸರ ಚರಿತ್ರೆಯಲ್ಲಿ ಎಲ್ಲಿಯೂ ಹೆಸರಿಲ್ಲದ ಕೂಲಿಕಾರರು, ಬಡಗಿಗಳು, ಹುಟ್ಟಿದ ವಾರದಲ್ಲೇ ತೀರಿಕೊಂಡ ಶಿಶುಗಳು ಕೂಡ ಇಂಥ ಪುಸ್ತಕಗಳಲ್ಲಿ ಒಂದೊಂದು ಸಾಲಾಗಿ ಉಳಿದಿದ್ದಾರೆ. ಸಮಾಧಿಯ ನಮೂದುಗಳು ಒಮ್ಮೆಲೇ ಪುಟಗಟ್ಟಲೆ ಬೆಳೆದಿದ್ದರೆ, ಸಾಂಕ್ರಾಮಿಕ ರೋಗದ ಅಥವಾ ಬರಗಾಲದ ಸುಳಿವು ಅಲ್ಲಿಯೇ ಸಿಗುತ್ತದೆ.

ಅಂಥದೊಂದು ಪುಸ್ತಕವನ್ನು ಕಿಟಕಿಯ ಬಿಸಿಲಿಗೆ ತೆರೆದಿಟ್ಟದ್ದನ್ನು ಕಂಡು ನಿಜಕ್ಕೂ ನೋವಾಯಿತು. ಹಳೆಯ ಕಾಗದ, ಬಟ್ಟೆಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಮೀರಬಾರದೆಂಬುದು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿಯಾಗಿದ್ದು, ನೇರ ಬಿಸಿಲು ಅದರ ನೂರಾರು ಪಟ್ಟು ಹೆಚ್ಚು. ಬೆಳಕಿನಿಂದಾದ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಆದ್ದರಿಂದ ಇಂಥ ಸಂಗ್ರಹಗಳ ಹೊಣೆ ಹೊತ್ತವರು ಮೊದಲು ಕಿಟಕಿಗೆ ದಪ್ಪ ಪರದೆ ಹಾಕಿಸಿ, ಬಳಿಕ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಮೂಲದ ಬದಲು ನಕಲನ್ನು ಪ್ರದರ್ಶನಕ್ಕಿಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಒಬ್ಬ ಓದುಗ