ಇಂಗ್ಲಿಷ್ ಓದಲು ಕಲಿಸಿ, ಉತ್ತರ ಬರೆಸಬೇಡಿ

ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠವನ್ನು ಸಾಲು ಸಾಲಾಗಿ ಕನ್ನಡಕ್ಕೆ ಹೇಳಿ, ಗೈಡ್‌ನ ಉತ್ತರ ಬರೆಸುವ ಪದ್ಧತಿ ನಿಲ್ಲಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಸ್ಥಾನಕ್ಕೆ ಇಳಿದವು. ಆದರೂ ಚರ್ಚೆ ವಿಶೇಷ ತರಗತಿಗಳ ಆಚೆ ಹೋಗುತ್ತಿಲ್ಲ.

ಮೊದಲು ಓದಿರದ ಗದ್ಯಭಾಗ ಕೊಟ್ಟರೆ ಮಕ್ಕಳು ಪ್ರಶ್ನೆಯಲ್ಲಿರುವ ಪದವನ್ನು ಹುಡುಕಿ, ಅದಿರುವ ವಾಕ್ಯವನ್ನೇ ನಕಲು ಮಾಡುತ್ತಾರೆ. ‘ವೈ’ ಎಂದು ಕೇಳಿದಾಗ ಕಾರಣ ಎಷ್ಟೋ ಸಲ ಮುಂದಿನ ವಾಕ್ಯದಲ್ಲಿರುತ್ತದೆ. ‘ಇಟ್’, ‘ದೇ’ ಯಾರನ್ನು ಸೂಚಿಸುತ್ತವೆ ಎಂದು ಹಿಂದಿರುಗಿ ನೋಡುವ ರೂಢಿಯೂ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಉದ್ದನೆಯ ವಾಕ್ಯದಲ್ಲಿ ಅವರು ದಾರಿ ತಪ್ಪುವುದು ಇಲ್ಲಿಯೇ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಆಡುವ ಮಕ್ಕಳಿಗಂತೂ ಕನ್ನಡ ಅನುವಾದವೂ ಪೂರ್ತಿ ನೆರವಾಗದು.

ಎಂಟನೇ ತರಗತಿಯಿಂದಲೇ ವಾರಕ್ಕೊಂದು ಅವಧಿಯನ್ನು ಓದಿನ ಅಭ್ಯಾಸಕ್ಕೆ ಮೀಸಲಿಡಲಿ. ನೂರಿಪ್ಪತ್ತು ಪದಗಳ ಹೊಸ ಗದ್ಯಭಾಗ ಸಾಕು. ಶೀರ್ಷಿಕೆ ನೋಡಿ ವಿಷಯ ಊಹಿಸಬೇಕು, ಪ್ರಶ್ನೆಗಳನ್ನು ಮೊದಲೇ ಓದಿಕೊಳ್ಳಬೇಕು, ನಂತರ ಮೌನವಾಗಿ ಎರಡು ಬಾರಿ ಓದಬೇಕು. ಗೊತ್ತಿಲ್ಲದ ಪದಗಳಲ್ಲಿ ಉತ್ತರಕ್ಕೆ ಬೇಕಾದ ನಾಲ್ಕೈದಕ್ಕೆ ಮಾತ್ರ ಅಕ್ಕಪಕ್ಕದ ಮಾತಿನಿಂದ ಅರ್ಥ ಊಹಿಸಲಿ. ಉತ್ತರ ಸರಿಯೋ ತಪ್ಪೋ ಎನ್ನುವ ಮೊದಲು ‘ಯಾವ ಸಾಲಿನಿಂದ ತಿಳಿಯಿತು?’ ಎಂದು ಶಿಕ್ಷಕರು ಕೇಳಬೇಕು. ಇದೇ ಅತಿ ಮುಖ್ಯ. ಕಲಬುರಗಿ, ಬೀದರ್, ಯಾದಗಿರಿಯ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಇಂತಹ ಗದ್ಯಭಾಗಗಳನ್ನು ಸಿದ್ಧಪಡಿಸಿ, ಶೈಕ್ಷಣಿಕ ವರ್ಷದ ಆರಂಭದಲ್ಲೇ ಶಾಲೆಗಳಿಗೆ ತಲುಪಿಸಲಿ.

– ಓದುಗ, ಶಹಾಪುರ, ಯಾದಗಿರಿ ಜಿಲ್ಲೆ